ಮಡಿಕೋಲಿಗೆ ಬಗ್ಗದ ಸ್ವಿಚ್ಚು

"ಇನ್ನೊಂದು ತಿಂಗಳೊಳಗ ನೋಡ್ತಿರ್ರಿ! ಈ ಮನ್ಯಾಗ ಕತ್ತಲಿ ಎಲ್ಲದ ಅಂತ ಬ್ಯಾಟರಿ ಹಿಡಕೊಂಡು ಹುಡುಕಿದ್ರೂ ಸಿಗಬಾರದು, ಹಂಗ ಮಾಡ್ತೀನಿ!"

ಪವಮಾನ ಪಡಸಾಲೆಯ ನಡುವೆ ನಿಂತು, ಬಲಗೈ ಮೇಲೆತ್ತಿ ಹೀಗೆ ಘೋಷಿಸಿದಾಗ ಕೇಳುವವರು ಇದ್ದದ್ದು ಮೂರೇ ಜನ. ಮೊಣಕಾಲಿಗೆ ಅರಿಶಿನದ ಪಟ್ಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ ತಾಯಿ ಪದ್ಮಾಬಾಯಿ. ಬ್ಯಾಂಕಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ ಹೆಂಡತಿ ವಿಭಾ. ಮತ್ತು ಫೋನಿನ ಸ್ಪೀಕರಿನೊಳಗಿಂದ ಸಿರುಗುಪ್ಪದ ತಂಗಿ ಶ್ರೀಕೃತಿ. ಅಷ್ಟೇ ಜನವಾದರೂ ಪವಮಾನನ ದನಿ ಮಾತ್ರ ಬಳ್ಳಾರಿಯ ಕೋಟೆ ಮೈದಾನಕ್ಕೆ ಸಾಲುವಷ್ಟಿತ್ತು. ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಫಿಸಿಕ್ಸ್ ಪಾಠ ಹೇಳಿದ ಗಂಟಲು ಅದು. ಹಿಂದಿನ ಬೆಂಚಿನವರಿಗೆ ಕೇಳಿಸುವಂತೆ ಮಾತಾಡುವುದು ಅದಕ್ಕೆ ರೂಢಿ.

ಆದದ್ದಿಷ್ಟು. ಹಿಂದಿನ ದಿನ ದ್ವಾದಶಿ. ನಸುಕಿನಲ್ಲಿ ಸ್ನಾನ ಮುಗಿಸಿ, ಮಡಿಸೀರೆ ಉಟ್ಟು, ನೀರಿನ ಕೊಡಪಾನ ಬಗಲಲ್ಲಿಟ್ಟುಕೊಂಡು ಬಚ್ಚಲಿನಿಂದ ಅಡುಗೆಮನೆಗೆ ಹೊರಟಿದ್ದ ಪದ್ಮಾಬಾಯಿ ನಡುವಿನ ಸಂದಿಯಲ್ಲಿ ಎಡವಿ ಬಿದ್ದಿದ್ದರು. ಬ್ರೂಸ್‌ಪೇಟೆಯ ಹಿಂದಿನ ಓಣಿಯ ಹಳೆಯ ಮನೆ. ಆ ಸಂದಿ ಉದ್ದಕ್ಕೆ ರೈಲು ಡಬ್ಬಿ, ಅಗಲಕ್ಕೆ ಒಬ್ಬರೇ. ಅದರ ತಿರುವಿನಲ್ಲಿ ಅಜ್ಜಿಯ ಕಾಲದ ರುಬ್ಬುವ ಒರಳು ಒಂದು, ಯಾರೂ ರುಬ್ಬದಿದ್ದರೂ, ಮನೆಯ ಹಿರಿಯನಂತೆ ಕೂತಿತ್ತು. ಡಾಕ್ಟರು ಮೂಳೆ ಮುರಿದಿಲ್ಲ ಅಂದರು. ಎಪ್ಪತ್ತೊಂದು ವರ್ಷದ ಜೀವ, ಇನ್ನೊಮ್ಮೆ ಬೀಳಬಾರದು ಅಂತಲೂ ಅಂದರು.

ಅದನ್ನು ಕೇಳಿಸಿಕೊಂಡ ಶ್ರೀಕೃತಿ ಫೋನಿನಲ್ಲೇ ತೀರ್ಪು ಕೊಟ್ಟಿದ್ದಳು.

"ಅಣ್ಣಾ, ಬರೋ ತಿಂಗಳ ಏಕಾದಶಿಗೆ ನಾವಿಬ್ರೂ ಬರ್ತೀವಿ. ದ್ವಾದಶಿ ಪಾರಣಿ ಅಲ್ಲೇ. ನಸುಕಿನ್ಯಾಗ ಅಮ್ಮ ಹೆಂಗ ಓಡಾಡ್ತಾಳ ಅಂತ ಕಣ್ಣಾರೆ ನೋಡ್ತೀನಿ. ಸರಿ ಅನಸಲಿಲ್ಲ ಅಂದ್ರ ಅವತ್ತೇ ಬಸ್ಸಿಗೆ ಸಿರುಗುಪ್ಪಕ್ಕ ಕರಕೊಂಡು ಹೋಗೋದೇ! ನಮ್ಮ ಮನ್ಯಾಗ ಸಂದಿ ಇಲ್ಲ, ಗೊಂದಿ ಇಲ್ಲ."

ಪವಮಾನ ಬೆಚ್ಚಿದ್ದು ಅಲ್ಲಿ. ವಯಸ್ಸು ನಲವತ್ತೆಂಟಾದರೂ ಅವನು ತಾಯಿಯನ್ನು ಬಿಟ್ಟು ಇದ್ದವನಲ್ಲ. ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಒಳಗಿಂದ "ಬಂದ್ಯಾ?" ಅಂತ ಒಂದು ದನಿ ಕೇಳಬೇಕು. ಬಂದದ್ದು ಕಾಣುತ್ತಿದ್ದರೂ ಕೇಳಬೇಕು. ಆ ದನಿ ಇಲ್ಲದ ಮನೆಗೆ ತಾನು ಯಾಕಾದರೂ ಬರಬೇಕು ಅಂತ ಯೋಚಿಸಿ ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಆ ಹೆದರಿಕೆಯೇ ಘೋಷಣೆಯಾಗಿ ಹೊರಬಿದ್ದಿತ್ತು.

"ಅಲ್ಲೋ ಪವಮಾನಾ, ಆ ಒರಳು..." ಪದ್ಮಾಬಾಯಿ ಶುರು ಮಾಡಿದರು.

"ಅಮ್ಮಾ, ನೀ ಸುಮ್ಮನ ಕೂಡು. ಇದು ಬೆಳಕಿನ ವಿಷಯ. ಬೆಳಕು ಅಂದ್ರೇನು ಅಂತ ನಾ ಊರ ಹುಡುಗರಿಗೆಲ್ಲ ಹೇಳಿಕೊಡ್ತೀನಿ!"

ಪದ್ಮಾಬಾಯಿ ಸುಮ್ಮನೆ ಕೂತರು.

ಅದೇ ಸಂಜೆ ಪವಮಾನ ಬ್ರೂಸ್‌ಪೇಟೆಯ ಹಂಪೇಶನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಹಾಜರಾದ.

"ಸ್ಮಾರ್ಟ್ ಲೈಟಿಂಗ್ ಬೇಕಪಾ ಹಂಪೇಶ!"

"ಕೊಡೋಣ್ರಿ ಸರ್. ಬಲ್ಬು ಸ್ಮಾರ್ಟ್ ಇರಬೇಕೇನ್ರಿ, ಸ್ವಿಚ್ಚು ಸ್ಮಾರ್ಟ್ ಇರಬೇಕೇನ್ರಿ?"

ಪವಮಾನ ತಬ್ಬಿಬ್ಬಾದ. ಇದರಲ್ಲಿ ಎರಡು ಪಂಥ ಇರಬಹುದು ಅಂತ ಅವನು ಅಂದುಕೊಂಡೇ ಇರಲಿಲ್ಲ. ಹಂಪೇಶ ಗಲ್ಲಾದ ಮೇಲೆ ಎರಡು ಡಬ್ಬಿ ಇಟ್ಟು ಪೂರ್ವಪಕ್ಷ, ಸಿದ್ಧಾಂತ ಎರಡನ್ನೂ ತಾನೇ ಮಂಡಿಸಿದ. ಬಲ್ಬಾದರೆ ಹಳೇದು ತೆಗೆದು ಹೊಸದು ಸಿಕ್ಕಿಸಿದರೆ ಮುಗಿಯಿತು, ಮೊಬೈಲಿನಿಂದಲೇ ಹಚ್ಚಬಹುದು, ಬಣ್ಣ ಬದಲಿಸಬಹುದು. ಆದರೆ ಗೋಡೆಯ ಸ್ವಿಚ್ಚು ಹಗಲೂ ರಾತ್ರಿ ಆನ್ ಇರಬೇಕು. ಅದನ್ನು ಬಂದ್ ಮಾಡಿದರೆ ಬಲ್ಬಿನ ಬುದ್ಧಿಯೂ ಬಂದ್. ಸ್ವಿಚ್ಚಾದರೆ ಯಾವ ಬಲ್ಬಾದರೂ ನಡೆದೀತು, ಗೋಡೆಯ ಮೇಲೂ ಒತ್ತಬಹುದು, ಮೊಬೈಲಿನಲ್ಲೂ ಒತ್ತಬಹುದು. ಆದರೆ ಹಳೇ ಮನೆಯ ವೈರಿಂಗು ಅದಕ್ಕೆ ಒಪ್ಪಬೇಕು.

"ಬಲ್ಬೇ ಕೊಡು. ಏಳು! ಸ್ವಿಚ್ ಆನ್ ಇಡೋದೇನು ದೊಡ್ಡ ಕೆಲಸ?" ಅಂದ ಪವಮಾನ.

ಮನೆಗೆ ಬಂದು ಇದನ್ನೆಲ್ಲ ವಿವರಿಸಿದಾಗ ವಿಭಾ ಚಹಾ ಸೋಸುತ್ತಾ ಅಂದಳು: "ಬಲ್ಬು ಸ್ಮಾರ್ಟೋ, ಸ್ವಿಚ್ಚು ಸ್ಮಾರ್ಟೋ... ಮನ್ಯಾಗ ಒಬ್ಬರಾದ್ರೂ ಸ್ಮಾರ್ಟ್ ಇದ್ದಿದ್ರ ಎರಡೂ ಬ್ಯಾಡಾಗಿತ್ರಿ."

ಆ ಮಾತನ್ನು ಪವಮಾನ ಕೇಳಿಸಿಕೊಳ್ಳಲಿಲ್ಲ. ಮಹತ್ಕಾರ್ಯಕ್ಕೆ ಇಳಿದವರ ಕಿವಿ ಹಾಗೆಯೇ ಇರುತ್ತದೆ.

ಏಳು ಬಲ್ಬುಗಳು ಏಳು ಕಡೆ ಕೂತವು. ದೇವರಮನೆಗೂ ಎಂಟನೆಯದನ್ನು ತರುವ ಉತ್ಸಾಹವಿತ್ತು. ಪದ್ಮಾಬಾಯಿ ಅಡ್ಡ ಬಂದರು. "ಅಲ್ಲಿ ಎಣ್ಣಿ ದೀಪ ಅದ. ಅದಕ್ಕ ಪಾಸ್‌ವರ್ಡ್ ಬ್ಯಾಡ" ಅಂದುಬಿಟ್ಟರು.

ಮೊದಲ ಸಂಜೆ ಸುಖವಾಗಿ ಕಳೆಯಿತು. ಪವಮಾನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು ಮೊಬೈಲಿನ ಮೇಲೆ ಬೆರಳಾಡಿಸಿ ಅಡುಗೆಮನೆ ಬೆಳಗಿದ, ಸಂದಿ ಬೆಳಗಿದ, ಪಡಸಾಲೆಯನ್ನು ಒಮ್ಮೆ ನೀಲಿ ಮಾಡಿ ಒಮ್ಮೆ ಕೆಂಪು ಮಾಡಿದ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ವಿಭಾ, ಇದ್ದಕ್ಕಿದ್ದಂತೆ ಸಾರು ಹಸಿರಾದದ್ದನ್ನು ಕಂಡು ಚೀರಿದ್ದೂ ಅದೇ ಸಂಜೆ.

ಮರುದಿನ ಮೊಬೈಲು ಸಂದಿಯ ಬಲ್ಬನ್ನು ಹುಡುಕಿ ಹುಡುಕಿ ಸುಸ್ತಾಗಿ, ಅಂಥ ಬಲ್ಬು ತನಗೆ ಸಿಗುತ್ತಿಲ್ಲವೆಂದು ಕೈಚೆಲ್ಲಿತು. ಹೋಗಿ ನೋಡಿದರೆ ಗೋಡೆಯ ಸ್ವಿಚ್ಚು ಬಂದ್!

"ಯಾರು ಬಂದ್ ಮಾಡಿದ್ರು?"

ಯಾರೂ ಅಲ್ಲ. ಎಲ್ಲರೂ. ಈ ಮನೆಯಲ್ಲಿ ಅದೊಂದು ಶಾಸನ. ಪವಮಾನನ ತಂದೆ, ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ರಾಘಣ್ಣನವರು ಈಗಿಲ್ಲ. ಆದರೆ ಅವರು ಹಾಕಿಕೊಟ್ಟ ಕಟ್ಟಳೆ ಇನ್ನೂ ಇದೆ: ಕೋಣೆ ಬಿಟ್ಟು ಹೊರಬಂದವರ ಕೈ ಸ್ವಿಚ್ಚಿನ ಮೇಲೆ ಹೋಗಲೇಬೇಕು. ಮಕ್ಕಳಿಬ್ಬರೂ ಅಕ್ಷರ ಕಲಿಯುವ ಮೊದಲು ಇದನ್ನು ಕಲಿತಿದ್ದರು. ಮದುವೆಯಾಗಿ ಬಂದ ವಿಭಾಗೂ ಇದು ಅಂಟಿತ್ತು. ಶ್ರೀಕೃತಿಯ ಗಂಡ ಭಾರ್ಗವನಂತೂ, ಸಿರುಗುಪ್ಪದ ಹೈಸ್ಕೂಲು ಮೇಷ್ಟ್ರು, ಬೀಗರ ಮನೆಗೆ ಹೋದರೂ ಖಾಲಿ ಕೋಣೆ ಕಂಡರೆ ಕೈ ತಡೆಯುತ್ತಿರಲಿಲ್ಲ.

ಪವಮಾನ ಏಳೂ ಸ್ವಿಚ್ಚುಗಳ ಮೇಲೆ 'ಮುಟ್ಟಬಾರದು' ಅಂತ ಚೀಟಿ ಅಂಟಿಸಿದ. ಎರಡನೆಯ ದಿನ ಚೀಟಿ ಇತ್ತು, ಸ್ವಿಚ್ಚು ಬಂದಾಗಿತ್ತು. ಚೀಟಿಯ ಮೇಲೆ ಟೇಪು ಸುತ್ತಿದ. ಮೂರನೆಯ ದಿನ ಟೇಪೂ ಇತ್ತು. ಅದರ ಮೇಲಿಂದಲೇ ಯಾರೋ ಒತ್ತಿದ್ದರು. ನಾಲ್ಕನೆಯ ದಿನ ಕರೆಂಟು ಹೋಗಿ ಮಧ್ಯಾಹ್ನ ಬಂತು. ಬಂದದ್ದೇ ತಡ, ಏಳೂ ಬಲ್ಬುಗಳು ತಮ್ಮಷ್ಟಕ್ಕೆ ತಾವೇ ಧಗಧಗ ಹತ್ತಿಕೊಂಡವು. ಪಕ್ಕದ ಮನೆಯ ಚನ್ನಬಸಮ್ಮ ಬಾಗಿಲಿಗೆ ಬಂದು ಇಣುಕಿದಳು.

"ಪದ್ಮಕ್ಕಾರೇ, ಮನ್ಯಾಗ ಏನರ ಕಾರ್ಯ ಐತೇನ್ರಿ? ಮಟಮಟ ಮಧ್ಯಾನದಾಗ ಎಲ್ಲಾ ಲೈಟು ಹಚ್ಚೀರಲ್ಲ! ನಮಗ ಹೇಳಲೇ ಇಲ್ಲ!"

ನಡುವೆ ಒಂದು ದ್ವಾದಶಿಯೂ ಬಂದು ಹೋಯಿತು. ಅವತ್ತು ಮಾತ್ರ ಏನೂ ತೊಂದರೆಯಾಗಲಿಲ್ಲ. ಪದ್ಮಾಬಾಯಿ ಎಂದಿನಂತೆ, ಮಡಿ ಕೆಡದ ಹಾಗೆ, ಮಡಿಕೋಲಿನ ತುದಿಯಿಂದ ಸ್ವಿಚ್ಚು ಒತ್ತಿದರು, ಬಲ್ಬು ಎಂದಿನಂತೆ ಹತ್ತಿತು.

"ಛಲೋ ಅವ ನಿನ್ನ ಬಲ್ಬು" ಅಂತ ಸರ್ಟಿಫಿಕೇಟು ಕೊಟ್ಟರು. "ಸ್ವಿಚ್ ಹಾಕಿದ ಕೂಡಲೇ ಹತ್ತತಾವ."

ಇದಕ್ಕಿಂತ ದೊಡ್ಡ ಅವಮಾನ ಒಂದು ಸ್ಮಾರ್ಟ್ ಬಲ್ಬಿಗೆ ಆಗಲಾರದು! ಪವಮಾನ ಮುಖ ಗಂಟಿಕ್ಕಿಕೊಂಡ.

ಕೊನೆಗೆ ಒಂದು ಭಾನುವಾರ ಅವನು ಕೋಣೆಯಿಂದ ಹೊರಬರುತ್ತಾ, "ನೋಡ್ರಿ, ಶಿಸ್ತು ಬೇಕು ಶಿಸ್ತು! ಸ್ವಿಚ್ ಮುಟ್ಟೋ ಕೈಯನ್ನ ಕಟ್ಟಿಹಾಕಬೇಕು..." ಅಂತ ಭಾಷಣ ಶುರು ಮಾಡಿದ್ದ. 'ಕಟಕ್' ಅಂತ ಸದ್ದಾಯಿತು. ವಿಭಾ ಅವನ ಮುಖ ನೋಡಲಿಲ್ಲ. ಅವನ ಬಲಗೈ ನೋಡಿದಳು. ತೋರುಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

"ಹಗ್ಗ ತರಲೇನ್ರಿ?" ಅಂದಳು.

ಹೀಗೆ ಬಲ್ಬು ಪಂಥ ಖಂಡನೆಗೊಳಗಾಗಿ ಸ್ವಿಚ್ಚು ಪಂಥಕ್ಕೆ ಜಯವಾಯಿತು. ಏಕಾದಶಿಗೆ ಉಳಿದಿದ್ದದ್ದು ಒಂಬತ್ತು ದಿನ.

ಸ್ವಿಚ್ಚು ಕೂಡಿಸಲು ಕುರುಗೋಡಿನಿಂದ ಎರ್ರೆಪ್ಪ ಬಂದ. ಐವತ್ತೈದು ದಾಟಿದವನು, ರಾಘಣ್ಣನವರ ಕಾಲದಿಂದ ಈ ಮನೆಯ ಫ್ಯೂಸು, ಫ್ಯಾನು ಎಲ್ಲ ನೋಡಿಕೊಂಡವನು. ಬೆಳಗಿನ ಮೊದಲ ಬಸ್ಸಿಗೆ ಇಳಿದು, ಚೀಲದಿಂದ ಟೆಸ್ಟರ್ ತೆಗೆದು, ಸ್ವಿಚ್ಚಿನ ಡಬ್ಬಿ ಬಿಚ್ಚಿ, ಒಳಗೆ ಇಣುಕಿ, ತಲೆ ಕೆರೆದುಕೊಂಡ.

"ಏನಾತು ಎರ್ರೆಪ್ಪ?"

"ಸಾರ್, ಇದರಾಗ ನ್ಯೂಟ್ರಲ್ ವೈರ್ ಇಲ್ರಿ."

"ಎಲ್ಲಿ ಹೋತು?"

"ಎಲ್ಲಿಗೂ ಹೋಗಿಲ್ರಿ, ಬಂದೇ ಇಲ್ಲ! ಹಳೇ ಮನ್ಯಾಗ ಅದು ಸೀದಾ ಮ್ಯಾಲ ಬಲ್ಬಿಗೆ ಹೋಗಿರತೈತಿ. ಈ ನಿಮ್ಮ ಹೊಸಾ ಸ್ವಿಚ್ಚಿಗೆ ಇಲ್ಲಿಗೂ ಒಂದು ಎಳಿ ಎಳಕಂಡು ಬರಬೇಕು. ಗ್ವಾಡಿ ಕೊರೀಬೇಕ್ರಿ."

"ಎಷ್ಟು ಗ್ವಾಡಿ?"

"ಎಷ್ಟು ಅದಾವ್ರಿ?" ಅಂತ ಎರ್ರೆಪ್ಪ ಸುತ್ತಲೂ ನೋಡಿದ. ಆಮೇಲೆ ಅವನಿಗೇ ಕನಿಕರ ಬಂದಿರಬೇಕು. "ಸಾರ್, ಒಂದು ಮಾತು. ಸಂದ್ಯಾಗ ಆಕಡೆ ಒಂದು, ಈಕಡೆ ಒಂದು ಸಾದಾ ಸ್ವಿಚ್ಚು ಹಾಕಿಬಿಡ್ತೀನಿ. ಮೆಟ್ಟಲಕ್ಕ ಹಾಕ್ತಾರಲ್ರಿ, ಅಂಥವು. ಒಂದರಾಗ ಹಚ್ಚಬೋದು, ಇನ್ನೊಂದರಾಗ ಬಂದ್ ಮಾಡಬೋದು. ಅರ್ಧ ದಿನದ ಕೆಲಸ. ಮುದುಕ್ಯಾರಿಗೆ ಭಾಳ ಚೊಲೋ ಆಕ್ಕತಿ."

"ಎರ್ರೆಪ್ಪ, ಜಗತ್ತು ಎಲ್ಲಿಗೆ ಹೋಗೇದ, ನೀ ಇನ್ನೂ ಮೆಟ್ಟಲದ ಹತ್ರಾನೇ ಇದ್ದೀಯಲ್ಲ!"

ಎರ್ರೆಪ್ಪ ಉಳಿ, ಸುತ್ತಿಗೆ ತೆಗೆದ.

ಆ ಮೇಲಿನ ಒಂದು ವಾರ ಆ ಮನೆಯಲ್ಲಿ ನಡೆದದ್ದನ್ನು ಬಣ್ಣಿಸಲು ಯುದ್ಧದ ಪದಗಳೇ ಬೇಕು. ಗೋಡೆಗಳ ಮೇಲೆ ಕಾಲುವೆಗಳಾದವು. ಸುಣ್ಣದ ಧೂಳು ಹಪ್ಪಳದ ಡಬ್ಬಿ ಹೊಕ್ಕಿತು, ಉಪ್ಪಿನಕಾಯಿಯ ಭರಣಿ ಹೊಕ್ಕಿತು, ವಿಭಾಳ ಬ್ಯಾಂಕಿನ ಸೀರೆಗಳ ಮಡಿಕೆ ಹೊಕ್ಕಿತು. ಕೌಂಟರಿನಲ್ಲಿ ಒಬ್ಬರು "ಮೇಡಂ, ತಲಿಗೂದಲು ಭಾಳ ಬೆಳ್ಳಗಾಗ್ಯಾವಲ್ರಿ!" ಅಂದ ದಿನ ಅವಳು ಮನೆಗೆ ಬಂದು ಗಂಡನೊಂದಿಗೆ ಮಾತಾಡಲೇ ಇಲ್ಲ. ಪದ್ಮಾಬಾಯಿ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಮೂರು ಸಲ ತೊಳೆಸಿದರು.

ಸಂದಿಯಲ್ಲಿ ಏಣಿ ನಿಲ್ಲಿಸಲು ಜಾಗ ಸಾಲದೆ ಎರ್ರೆಪ್ಪ ಒರಳನ್ನು ಹೊರಳಿಸಿ ಹೊರಗೆ ಹಾಕಿದ್ದ. ಕೆಲಸ ಮುಗಿದ ಮೇಲೆ ಕೇಳಿದ: "ಸಾರ್, ಇದನ್ನ ಹಿತ್ತಲದಾಗ ಬಿಟ್ಟುಬಿಡ್ಲೇನ್ರಿ?"

ಕುರ್ಚಿಯಲ್ಲಿದ್ದ ಪದ್ಮಾಬಾಯಿಯ ಮುಖ ಅರಳಿತು. "ಹೂನಪ್ಪಾ ಎರ್ರೆಪ್ಪ, ನಾನೂ ಅದೇ ಹೇಳ್ಲಿಕ್ಕ..."

"ಬ್ಯಾಡ ಬ್ಯಾಡ!" ಪವಮಾನ ಕಾಲೇಜಿನಿಂದ ಆಗಷ್ಟೇ ಬಂದವನು ಕೂಗಿದ. "ನಮ್ಮ ಅಜ್ಜೀದು ಅದು. ಎಲ್ಲಿತ್ತೋ ಅಲ್ಲೇ ಇಡು. ಒಂದು ಇಂಚು ಆಕಡೆ ಈಕಡೆ ಆಗಬಾರದು!"

ಎರ್ರೆಪ್ಪ ಒಂದು ಇಂಚೂ ಆಕಡೆ ಈಕಡೆ ಆಗದಂತೆ ಒರಳನ್ನು ಅಲ್ಲೇ ಇಟ್ಟ.

ದಶಮಿಯ ಸಂಜೆ ಉದ್ಘಾಟನೆ. ಸಂದಿಯ ಗೋಡೆಯಲ್ಲಿ ಈಗ ಸ್ವಿಚ್ಚೇ ಇರಲಿಲ್ಲ. ಅದರ ಜಾಗದಲ್ಲಿ ನುಣ್ಣನೆಯ ಕರಿ ಗಾಜು, ಗಾಜಿನೊಳಗೆ ಸಾಸಿವೆಯಷ್ಟು ಒಂದು ನೀಲಿ ಚುಕ್ಕೆ. ಒತ್ತುವ ಹಾಗಿಲ್ಲ, ಬೆರಳು ತಾಗಿಸಿದರೆ ಸಾಕು. ಪದ್ಮಾಬಾಯಿ ಅಳುಕುತ್ತಾ ಬೆರಳು ತಾಗಿಸಿದರು. ಬೆಳಕು ಬಂತು. ರೂಢಿಯಂತೆ ಆ ಬೆಳಕಿಗೊಂದು ಕೈಮುಗಿದು ಕಣ್ಣಿಗೊತ್ತಿಕೊಂಡರು.

"ಛಲೋ ಅದ. ಆದ್ರ ಪವಮಾನಾ, ನಾ ಮಡಿಯೊಳಗ ಇದ್ದಾಗ...?"

"ಟೈಮರ್ ಇಟ್ಟೀನಮ್ಮ! ಬೆಳಿಗ್ಗೆ ಐದು ಹೊಡೀತೋ ಇಲ್ಲೋ, ಸಂದಿ ಲೈಟು ತಾನೇ ಹತ್ತತದ. ನೀ ಬೆರಳೂ ಎತ್ತಬ್ಯಾಡ."

ಏಕಾದಶಿಯ ಮಧ್ಯಾಹ್ನ ಶ್ರೀಕೃತಿ, ಭಾರ್ಗವ ಸಿರುಗುಪ್ಪದ ಬಸ್ಸಿಳಿದು ಬಂದರು. ಎಲ್ಲರಿಗೂ ಉಪವಾಸ. ಊಟವಿಲ್ಲದ ಮನೆಯಲ್ಲಿ ಅತಿಥಿಗಳಿಗೆ ಬಡಿಸಲು ಇದ್ದದ್ದು ಸ್ವಿಚ್ಚುಗಳ ಪ್ರದರ್ಶನ ಒಂದೇ. ಪವಮಾನ ಅದನ್ನೇ ಹೊಟ್ಟೆ ತುಂಬ ಬಡಿಸಿದ. ಭಾರ್ಗವ ಪ್ರತಿ ಗಾಜಿಗೂ ಬೆರಳು ತಾಗಿಸಿ "ಭಲೇ!" ಅಂದ. ಶ್ರೀಕೃತಿ ಮಾತ್ರ ಕೈ ಕಟ್ಟಿಕೊಂಡು, ಶಾಲೆಗೆ ಬಂದ ಇನ್ಸ್‌ಪೆಕ್ಟರಂತೆ ಎಲ್ಲವನ್ನೂ ನೋಡಿದಳು.

"ಸಂಜೀಗೆ ಎಲ್ಲಾರ ಮನೀನೂ ಬೆಳಕೇ ಇರ್ತದ ಅಣ್ಣಾ. ನಾಳೆ ನಸುಕಿನ್ಯಾಗ ನೋಡೋಣ. ಅಮ್ಮನ ಬ್ಯಾಗು ಹುಡುಕಿ ಇಟ್ಟೀನಿ."

ಆ ಬ್ಯಾಗು ಪಡಸಾಲೆಯ ಮೂಲೆಯಲ್ಲಿ ಕೂತದ್ದನ್ನು ಪವಮಾನ ಕಂಡ. ಮಲಗುವ ಮುಂಚೆ ಟೈಮರನ್ನು ನಾಲ್ಕು ಸಲ ನೋಡಿಕೊಂಡ. ಐದು ಗಂಟೆ. ಸರಿಯಾಗಿದೆ.

ಆದರೆ ಮೊಬೈಲು ಪಂಚಾಂಗ ನೋಡುವುದಿಲ್ಲ! ದ್ವಾದಶಿಯ ಬೆಳಗ್ಗೆ ಪಂಚಾಂಗ ಹೇಳಿದ ಹೊತ್ತಿನೊಳಗೆ ಪೂಜೆ, ನೈವೇದ್ಯ, ಊಟ ಮುಗಿದರೆ ಮಾತ್ರ ಹಿಂದಿನ ದಿನದ ಉಪವಾಸಕ್ಕೆ ಅರ್ಥ, ಅದೇ ಪಾರಣೆ. ಈ ಸಲ ಆ ಹೊತ್ತು ಬೇಗ ಮುಗಿಯುತ್ತಿತ್ತು, ಆರು ಮುಕ್ಕಾಲಿಗೆ. ಹಾಗಾಗಿ ಪದ್ಮಾಬಾಯಿ ನಾಲ್ಕೂಕಾಲಿಗೇ ಸ್ನಾನ ಮುಗಿಸಿ, ಮಡಿಸೀರೆ ಉಟ್ಟು, ಕೋಲು ಹಿಡಿದು ಸಂದಿಗೆ ಬಂದರು. ಮಡಿಯಲ್ಲಿದ್ದಾಗ ಅಡುಗೆ, ಪೂಜೆ ಮುಗಿಯುವವರೆಗೆ ಯಾರನ್ನೂ ಮುಟ್ಟುವಂತಿಲ್ಲ, ನಾಲ್ಕು ಜನ ಮುಟ್ಟಿದ್ದನ್ನೂ ಮುಟ್ಟುವಂತಿಲ್ಲ. ಎತ್ತರದ ತಂತಿಯ ಮೇಲಿನ ಮಡಿಬಟ್ಟೆ ತೆಗೆಯುವ ಆ ಬಿದಿರು ಕೋಲಿನಿಂದಲೇ ಅವರು ನಲವತ್ತು ವರ್ಷದಿಂದ ಲೈಟು ಹಚ್ಚಿದವರು. ಕೋಲಿನ ತುದಿಯನ್ನು ನೀಲಿ ಚುಕ್ಕೆಗೆ ಗುರಿಯಿಟ್ಟು ಒತ್ತಿದರು.

ಏನೂ ಆಗಲಿಲ್ಲ.

ಟಕ್. ಟಕ್ ಟಕ್. ಟಕ್ ಟಕ್ ಟಕ್!

ಪವಮಾನನಿಗೆ ಎಚ್ಚರವಾದದ್ದು ಆ ಸದ್ದಿಗೆ. ಎರಡು ಕ್ಷಣ ಹಲ್ಲಿ ಅಂದುಕೊಂಡ. ಮೂರನೆಯ ಕ್ಷಣ ಎಲ್ಲ ಅರ್ಥವಾಯಿತು. ಬಿದಿರು! ಬೆರಳಿನೊಳಗಿನ ಅಷ್ಟಿಷ್ಟು ವಿದ್ಯುತ್ತಿನ ಗುಣ ಕಂಡರೆ ಮಾತ್ರ ಆ ಗಾಜು ಓಗೊಡುವುದು. ಒಣ ಬಿದಿರು ತಾಗಿದರೆ ಅದಕ್ಕೆ ನೊಣ ಕೂತಷ್ಟೂ ಲೆಕ್ಕವಿಲ್ಲ. ಇದನ್ನು ಅವನು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ವಿದ್ಯುತ್ತು ಹರಿಯುವಂಥವು, ಹರಿಯದಂಥವು ಅಂತ ಎರಡು ಪಟ್ಟಿ ಮಾಡಿ ಬರೆಸುತ್ತಾನೆ. ಮರ ಎರಡನೆಯ ಪಟ್ಟಿಯಲ್ಲಿ, ಮೊದಲನೆಯ ಹೆಸರು!

ತಲೆದಿಂಬಿನ ಕೆಳಗಿನ ಮೊಬೈಲು ಎಳೆದು ಸಂದಿಯ ಲೈಟು ಒತ್ತಿದ. ಮೊಬೈಲು ಗರಗರ ತಿರುಗಿತು, ವೈಫೈ ಇಲ್ಲವೆಂದಿತು. ಪಡಸಾಲೆಯಲ್ಲಿ ಮಿಣುಕುತ್ತಿದ್ದ ವೈಫೈ ಡಬ್ಬಿಯನ್ನು ಮಲಗುವ ಮುಂಚೆ ಕಂಡ ಭಾರ್ಗವ, ಖಾಲಿ ಕೋಣೆಯಲ್ಲಿ ಯಾಕೆ ಉರಿಯುತ್ತಿದೆ ಅಂತ, ಮಾವನವರ ಕಟ್ಟಳೆಯನ್ನು ನೆನೆದು ಭಕ್ತಿಯಿಂದ ಬಂದ್ ಮಾಡಿದ್ದ!

"ಅಮ್ಮಾ, ಅಲ್ಲೇ ನಿಲ್ಲು! ಹೆಜ್ಜಿ ಇಡಬ್ಯಾಡ! ಬಂದೆ!"

ಪವಮಾನ ಎದ್ದು ಓಡಿದ. ಕತ್ತಲು ಗವ್ವೆಂದಿತ್ತು. ಅಮ್ಮ ಬಿದ್ದರೆ, ಅನ್ನುವುದೊಂದೇ ತಲೆಯಲ್ಲಿ. ಗಾಜಿನ ನೀಲಿ ಚುಕ್ಕೆಯನ್ನೇ ನೋಡುತ್ತಾ, ಕೈ ಮುಂದೆ ಚಾಚಿ, ಸಂದಿಯ ತಿರುವಿಗೆ ಬಂದ. ಅಲ್ಲಿ, ಒಂದು ಇಂಚೂ ಆಕಡೆ ಈಕಡೆ ಆಗದೆ, ಅಜ್ಜಿಯ ಒರಳು ಕಾಯುತ್ತಿತ್ತು.

ಆ ಸಪ್ಪಳವನ್ನು ಅಕ್ಷರದಲ್ಲಿ ಬರೆಯಲಾಗದು. ಮೊಣಕಾಲು ಕಲ್ಲಿಗೆ ಬಡಿಯಿತು, ಪವಮಾನ ಮುಗ್ಗರಿಸಿದ, ಆಸರೆಗೆಂದು ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ಕೈಗೆ ಸಿಕ್ಕಿದ್ದು ಮಡಿಸೀರೆಯ ಸೆರಗು.

"ಮುಟ್ಟಿದ್ಯಾ?" ಕತ್ತಲೊಳಗಿಂದ ಪದ್ಮಾಬಾಯಿಯ ದನಿ.

"ನಿನ್ನ ಮುಟ್ಟಿಲ್ಲಮ್ಮ... ಸೀರಿ ಹಿಡಕೊಂಡೆ."

"ಎರಡೂ ಒಂದೇನೋ! ಮತ್ತ ಮೊದಲಿಂದ ನೀರು ಹಾಕೋಬೇಕು. ಇತ್ತ ಪಾರಣಿ ಹೊತ್ತು ಮೀರ್ತದ. ಪೆಟ್ಟಾತೇನು?"

"ಇಲ್ಲ" ಅಂತ ಹಲ್ಲು ಕಚ್ಚಿ ಸುಳ್ಳು ಹೇಳಿದ.

"ಹಂಗಿದ್ರ ಅಲ್ಲೇ ಕೂಡು. ಅಲ್ಲಾಡಬ್ಯಾಡ. ಇನ್ನೊಮ್ಮೆ ಮುಟ್ಟಿದ್ರ ನಾ ಮೂರನೇ ಸ್ನಾನ ಮಾಡೋದಿಲ್ಲ ನೋಡು!"

ಅವರು ಗೋಡೆ ಹಿಡಿದುಕೊಂಡು ಬಚ್ಚಲಿಗೆ ತಿರುಗಿದರು. "ಏನ್ರಿ ಸಪ್ಪಳ?" ಅಂತ ಕೋಣೆಯಿಂದ ವಿಭಾ ಕೂಗಿದಳು. "ಏನಿಲ್ಲ, ಏನಿಲ್ಲ! ಮಲಕೋ!" ಅಂದ ಪವಮಾನ, ನೆಲದ ಮೇಲೆ ಮೊಣಕಾಲು ತಬ್ಬಿಕೊಂಡು. ಏಳಲು ನೋಡಿದ, ಕಾಲು ಒಪ್ಪಲಿಲ್ಲ. ಗಾಜು ತಲೆಯ ಮೇಲೆ ಎರಡು ಮೊಳ ಎತ್ತರದಲ್ಲಿತ್ತು. ಅದರ ನೀಲಿ ಚುಕ್ಕೆ ಅವನನ್ನೇ ನೋಡುತ್ತಿತ್ತು.

ಎರಡು ತಂಬಿಗೆ ನೀರು ಸುರಿದ ಸದ್ದು ಕೇಳಿತು. ಪದ್ಮಾಬಾಯಿ ಬೇರೆ ಮಡಿಸೀರೆ ಸುತ್ತಿಕೊಂಡು, ಕೈಯಲ್ಲಿ ನೀರು ತುಂಬಿದ ತಾಮ್ರದ ತಂಬಿಗೆ ಹಿಡಿದು ಬಂದರು. ಹೊಟ್ಟೆ ಹಸಿದಿತ್ತು, ಹೊತ್ತು ಮೀರುತ್ತಿತ್ತು, ಮಗ ಎಲ್ಲಿ ಬಿದ್ದಿದ್ದಾನೋ ಕಾಣುತ್ತಿರಲಿಲ್ಲ. ಅವರಿಗೆ ಸಿಟ್ಟು ನೆತ್ತಿಗೇರಿತು.

"ನಿನ್ನ ಸುಡ್ಲಿ! ಒಮ್ಮೆರ ಹತ್ತಬಾರದೇನ!" ಅಂದು ತಂಬಿಗೆಯ ಬುಡದಿಂದ ಗಾಜಿಗೊಂದು ಗುದ್ದು ಕೊಟ್ಟರು.

ಝಗ್ಗೆಂದು ಬೆಳಕು ಬಂತು!

ಬೆಳಕಿನಲ್ಲಿ ಎಲ್ಲವೂ ಕಂಡಿತು. ಒರಳು, ಒರಳಿನ ಪಕ್ಕದಲ್ಲಿ ಕಾಲು ಚಾಚಿ ಕೂತ ಫಿಸಿಕ್ಸ್ ಲೆಕ್ಚರರು, ಸದ್ದು ಕೇಳಿ ಓಡಿಬಂದು ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತ ವಿಭಾ ಮತ್ತು ಶ್ರೀಕೃತಿ. ಅವರ ಹಿಂದೆ ಭಾರ್ಗವ ಕಣ್ಣುಜ್ಜಿಕೊಳ್ಳುತ್ತಾ, "ಯಾರು ಇಷ್ಟೊತ್ತಿಗೆ ಲೈಟ್ ಹಚ್ಚಿದವರು? ಬಂದ್ ಮಾಡ್ಲೇನು?" ಅಂದ.

"ಮುಟ್ಟಬ್ಯಾಡಾ!" ಅಂತ ನಾಲ್ಕು ಜನ ಒಟ್ಟಿಗೆ ಕೂಗಿದರು.

ಪಾರಣೆ ಆರೂ ಮೂವತ್ತೊಂಬತ್ತಕ್ಕೆ ಮುಗಿಯಿತು. ತೊವ್ವೆಯ ರುಚಿ ಯಾರಿಗೂ ತಿಳಿಯಲಿಲ್ಲ. ಅಷ್ಟು ಅವಸರದಲ್ಲಿ ಒಳಗೆ ಹೋಗಿತ್ತು. ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತರು. ಒಂದು ತಿಂಗಳ ಹಿಂದೆ ಪದ್ಮಾಬಾಯಿ ಕೂತಿದ್ದ ಕುರ್ಚಿಯಲ್ಲಿ ಈಗ ಪವಮಾನ ಕೂತಿದ್ದ. ಮೊಣಕಾಲಿಗೆ ಅದೇ ಅರಿಶಿನದ ಪಟ್ಟು.

"ಪವಮಾನಾ," ಪದ್ಮಾಬಾಯಿ ಕೇಳಿದರು, "ಕೋಲಿಗೆ ಹತ್ತಲಿಲ್ಲ, ತಂಬಿಗಿಗೆ ಹತ್ತಿತಲ್ಲ, ಯಾಕೋ?"

"ಮರದಾಗ ವಿದ್ಯುತ್ ಹರಿಯೋದಿಲ್ಲಮ್ಮ. ತಾಮ್ರದಾಗ ಹರೀತದ. ನಿನ್ನ ಕೈಯಿಂದ ತಂಬಿಗಿ, ತಂಬಿಗಿಯಿಂದ ಗಾಜು..."

"ಇದು ನಿನಗ ಈಗ ಗೊತ್ತಾತೋ, ಮೊದಲೇ ಗೊತ್ತಿತ್ತೋ?"

ಪವಮಾನ ಪಟ್ಟಿನ ಗಂಟು ಸರಿಮಾಡಿಕೊಂಡ. "ಪಾಠದಾಗ ಅದಮ್ಮ. ಇಪ್ಪತ್ತೆರಡು ವರ್ಷದಿಂದ ಹೇಳ್ತಿದ್ದೀನಿ."

"ಪಾಪ, ಹುಡುಗ್ರು" ಅಂದರು ಪದ್ಮಾಬಾಯಿ.

ಶ್ರೀಕೃತಿ ನಗು ನುಂಗಿಕೊಂಡು ಎದ್ದು ಮೂಲೆಯ ಬ್ಯಾಗು ತಂದಳು. ಅವಳ ಮುಖದಲ್ಲಿ ಈಗ ತಮಾಷೆ ಇರಲಿಲ್ಲ. "ಅಮ್ಮಾ, ನಗೋದು ಬ್ಯಾರ. ನೀ ಇನ್ನೊಮ್ಮೆ ಕತ್ತಲ್ಯಾಗ ಬಿದ್ರ ನಾ ತಡಕೊಳ್ಳೋದಿಲ್ಲ. ಹತ್ತೂವರೆ ಬಸ್ಸಿಗೆ ಹೋಗೋಣ."

ಪವಮಾನ ಬಾಯಿ ತೆರೆದ. ಹಿಂದಿನ ಬೆಂಚಿಗೆ ಕೇಳುವ ದನಿ ಮುಂದಿನ ಬೆಂಚಿಗೂ ಕೇಳದಂತಾಗಿತ್ತು. "ನನ್ನಿಂದ ಆಗಲಿಲ್ಲಮ್ಮ" ಅಂದ ಅಷ್ಟೇ.

"ಏನು ಆಗಲಿಲ್ಲ?"

"ಕತ್ತಲಿ... ನೀ ಅವತ್ತು ಕತ್ತಲ್ಯಾಗ ಬಿದ್ದ್ಯಲ್ಲ..."

"ಯಾವ ಕತ್ತಲಿ?" ಪದ್ಮಾಬಾಯಿ ಹುಬ್ಬು ಗಂಟಿಕ್ಕಿ ಎಲ್ಲರ ಮುಖ ನೋಡಿದರು. "ಅವತ್ತು ಲೈಟ್ ಹಚ್ಚೇ ಇತ್ತಲ್ಲೋ!"

ಶ್ರೀಕೃತಿ ಬ್ಯಾಗು ಕೆಳಗಿಟ್ಟಳು.

"ಸ್ವಿಚ್ ಹಾಕೇ ಬಂದಿದ್ದೆ, ಕೋಲಿನಿಂದ. ಬೆಳಕು ಬೇಕಾದಷ್ಟಿತ್ತು. ಬಗಲಾಗ ಕೊಡಪಾನ ಇದ್ರ ಕಾಲ ಕೆಳಗಿನ ಒರಳು ಹೆಂಗ ಕಾಣ್ತದ? ಆ ಒರಳೊಂದು ಸರಿಸ್ರೋ ಅಂತ ಹೇಳ್ಲಿಕ್ಕ ಹೋದೆ. ನೀ, ಇದು ಬೆಳಕಿನ ವಿಷಯ, ಸುಮ್ಮನ ಕೂಡು ಅಂದಿ. ಎರ್ರೆಪ್ಪ ಪುಣ್ಯಾತ್ಮ ಹೊರಗ ಹಾಕಿದ್ದ. ನೀ ಮತ್ತ ತರಿಸಿ ಇಟ್ಟಿ. ಮಾಸ್ತರಿಕಿ ಮಾಡೋ ಮಗ, ಏನೋ ತಿಳದು ಮಾಡ್ತಿರಬೇಕು ಅಂತ ನಾ ಸುಮ್ಮನಾದೆ."

ವಿಭಾ ನಿಧಾನವಾಗಿ ಸುತ್ತಲಿನ ಗೋಡೆಗಳನ್ನು ನೋಡಿದಳು. ಸಿಮೆಂಟು ಮೆತ್ತಿದ ಕಾಲುವೆಗಳು ಬಾಗಿಲಿನಿಂದ ಬಾಗಿಲಿಗೆ ಹರಿದಿದ್ದವು. ಆಮೇಲೆ ಗಂಡನನ್ನು ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅಂತ ಪವಮಾನನಿಗೆ ಅನ್ನಿಸಿತು.

ಭಾರ್ಗವ ಪಂಚೆ ಮೇಲೆ ಕಟ್ಟಿದ. ಪವಮಾನ ಕುಂಟುತ್ತಾ ಅವನ ಹಿಂದೆ ಹೋದ. ಇಬ್ಬರೂ ಸೇರಿ ಒರಳನ್ನು ಹೊರಳಿಸಿ ಹಿತ್ತಲಿನ ತುಳಸಿಕಟ್ಟೆಯ ಪಕ್ಕ ಕೂಡಿಸಿ ಬಂದರು. ವಿಭಾ ಕಾಫಿ ಕಾಸಿ ತರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಶ್ರೀಕೃತಿ ಖಾಲಿಯಾದ ಸಂದಿಯಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದು ನೋಡಿದಳು. ಬಂದು ಬ್ಯಾಗಿನ ಮೇಲೆ ಕೈಯಿಟ್ಟು, "ಹೋಗ್ಲಿ, ಅಮ್ಮಾ. ಒಂದೆಂಟು ದಿನ ಸುಮ್ಮನಾದ್ರೂ ಬಾ" ಅಂದಳು.

ಪದ್ಮಾಬಾಯಿ ಕುರ್ಚಿಯಲ್ಲಿ ಕೂತ ಮಗನ ಮೊಣಕಾಲಿನ ಪಟ್ಟನ್ನೊಮ್ಮೆ ಮುಟ್ಟಿ ನೋಡಿ, ತಂಬಿಗೆಯನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟರು.

"ನಾ ಎಲ್ಲಿಗೂ ಬರೋದಿಲ್ಲವಾ. ನಾ ಬಂದ್ರ ಇವಗ ಲೈಟ್ ಹಚ್ಚೋರು ಯಾರು?"